ಪುಟ ತಿರುಗಿಸುವ ಕೆಲಸ ಮಗುವಿಗೇ ಬಿಡಿ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ವಿಷಯ: ಮಕ್ಕಳಿಗೆ ಕಥೆ ಓದಿ ಹೇಳುವುದು. ಒಂದೇ ಅರ್ಥದ ಪತ್ರಗಳು ಹಲವು ಬಂದಿದ್ದರಿಂದ ಅವನ್ನು ಸೇರಿಸಿ ಒಂದೊಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ದಿನಾ ರಾತ್ರಿ ಕಥೆ ಓದುತ್ತೇನೆ. ಎರಡು ಪುಟ ಆಗುವಷ್ಟರಲ್ಲಿ ಅವನ ಗಮನ ಎಲ್ಲೋ ಇರುತ್ತದೆ. ‘ಇದು ಯಾವ ಪ್ರಾಣಿ? ಇದರ ಬಣ್ಣ ಯಾವುದು?’ ಅಂತ ಕೇಳಿ ಒಳಗೆ ಎಳೆದುಕೊಳ್ಳೋಣ ಅಂದರೆ ಎದ್ದೇ ಹೋಗುತ್ತಾನೆ. ಏನು ಮಾಡಲಿ?

ಉತ್ತರ: ಅವನು ಎದ್ದು ಹೋಗುವುದು ಕಥೆಯಿಂದಲ್ಲ, ಪರೀಕ್ಷೆಯಿಂದ. ಬಣ್ಣ ಯಾವುದೆಂದು ನಿಮಗೆ ಗೊತ್ತು. ನಿಮಗೆ ಗೊತ್ತಿದೆ ಎಂದು ಅವನಿಗೂ ಗೊತ್ತು. ಅಂಥ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೆ ತಾನೇ ಆಸಕ್ತಿ ಇರುತ್ತದೆ? ಪ್ರಶ್ನೆ ಕೇಳುವುದು ತಪ್ಪಲ್ಲ. ಕೇಳುವ ಬಗೆ ಬದಲಾಗಬೇಕು.

1988ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು–ಮೂರು ವರ್ಷದ ಮಕ್ಕಳ ಮನೆಗಳಲ್ಲಿ ಸುಮಾರು ಒಂದು ತಿಂಗಳು ಒಂದು ಪ್ರಯೋಗ ಮಾಡಿದರು. ಎರಡೂ ಗುಂಪಿನ ಪೋಷಕರು ಮಕ್ಕಳಿಗೆ ಪುಸ್ತಕ ಓದಿದರು. ಒಂದು ಗುಂಪಿಗೆ ಮಾತ್ರ, ಓದುವಾಗ ಮಗುವೇ ಹೆಚ್ಚು ಮಾತಾಡುವಂತೆ ಮಾಡುವುದು ಹೇಗೆಂದು ಮೊದಲೇ ಹೇಳಿಕೊಟ್ಟಿದ್ದರು. ತಿಂಗಳ ಕೊನೆಗೆ ಆ ಮಕ್ಕಳು ಮಾತಿನಲ್ಲಿ ಎದ್ದುಕಾಣುವಷ್ಟು ಮುಂದಿದ್ದರು. ಅದೇ ವಿಧಾನವನ್ನು ಮನೆಯಲ್ಲಿ ಹೀಗೆ ಮಾಡಬಹುದು.

ಹೊಸ ಪುಸ್ತಕವನ್ನು ಮೊದಲ ಸಲ ಓದುವಾಗ ಹೆಚ್ಚು ನಿಲ್ಲಿಸಬೇಡಿ. ಕಥೆ ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲವೇ ಆಗ ಮಗುವನ್ನು ಕೂರಿಸುತ್ತದೆ. ಅದನ್ನು ತುಂಡು ಮಾಡಿದರೆ ಏನೂ ಉಳಿಯುವುದಿಲ್ಲ. ಎರಡನೆಯ, ಮೂರನೆಯ ಸಲ ಓದುವಾಗ ನಿಲ್ಲಿಸಿ. ಸಾಮಾನ್ಯ ಚಿತ್ರಪುಸ್ತಕ 32 ಪುಟದ್ದು (ಮುದ್ರಣದ ಹಾಳೆ ಮಡಿಸಿದಾಗ ಹದಿನಾರರ ಲೆಕ್ಕದಲ್ಲಿ ಪುಟ ಬರುವುದರಿಂದ ಈ ಸಂಖ್ಯೆ). ಅಷ್ಟಕ್ಕೆ ನಾಲ್ಕೈದು ನಿಲುಗಡೆ ಸಾಕು. ಪ್ರತಿ ಪುಟಕ್ಕೂ ಪ್ರಶ್ನೆ ಹಾಕಿದರೆ ಕಥೆಯ ಎಳೆ ಹರಿದುಹೋಗುತ್ತದೆ.

ನಿಂತಾಗ ಕೇಳಬೇಕಾದದ್ದು ಇದೊಂದೇ ಸರಿಯುತ್ತರ ಎಂದಿಲ್ಲದ ಪ್ರಶ್ನೆ. ‘ಇಲ್ಲಿ ಏನೋ ಆಗ್ತಿದೆಯಲ್ಲ?’, ‘ಇವಳು ಯಾಕೆ ಬಾಗಿಲ ಹಿಂದೆ ನಿಂತಿದ್ದಾಳೆ?’, ‘ನೀನಾಗಿದ್ರೆ ಪೆಟ್ಟಿಗೆ ತೆರೀತಿದ್ಯಾ?’ ಮತ್ತೆ ಮತ್ತೆ ಬರುವ ಸಾಲಿದ್ದರೆ ಕೊನೆಯ ಪದ ನೀವು ಹೇಳದೆ ಬಿಡಿ, ಅವನು ತುಂಬುತ್ತಾನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಇಲ್ಲೇ ಹೆಚ್ಚಿನವರು ಎಡವುವುದು. ಒಂದೆರಡು ಸೆಕೆಂಡಿನಲ್ಲೇ ದೊಡ್ಡವರು ತಾವೇ ಉತ್ತರ ಹೇಳಿ ಪುಟ ತಿರುಗಿಸಿಬಿಡುತ್ತಾರೆ. ಸಣ್ಣ ಮಗುವಿಗೆ ಮಾತು ಹುಡುಕಿಕೊಳ್ಳಲು ಅಷ್ಟು ಹೊತ್ತು ಸಾಲದು.

ಅವನು ಹೇಳಿದ್ದಕ್ಕೆ ನೀವು ಒಂದೆರಡು ಪದ ಸೇರಿಸಿ ಹಿಂದಿರುಗಿಸಿ. ಅವನು ‘ನಾಯಿ ಓಡ್ತಿದೆ’ ಅಂದರೆ ನೀವು ‘ಹೌದು, ನಾಯಿ ಹೆದರಿಕೊಂಡು ಓಡ್ತಿದೆ’ ಅನ್ನಿ. ಅವನಿಗೆ ಇಷ್ಟವಾದರೆ ತಾನೇ ಅದನ್ನು ಹೇಳಿಕೊಳ್ಳುತ್ತಾನೆ, ‘ಎಲ್ಲಿ, ಹೇಳು ನೋಡೋಣ’ ಎಂದು ಒತ್ತಾಯಿಸಬೇಡಿ. ತಪ್ಪು ಹೇಳಿದರೂ ‘ಅಲ್ಲ’ ಎಂದು ತಿದ್ದುವ ಬದಲು ಸರಿಯಾದ ಪದವನ್ನು ನಿಮ್ಮ ಮಾತಿನಲ್ಲಿ ಬಳಸಿ ಮುಂದೆ ಹೋಗಿ. ನರಿಯನ್ನು ನಾಯಿ ಎಂದರೆ, ‘ಓಹೋ, ಈ ನರಿಗೆ ಬಾಲ ಎಷ್ಟು ದಪ್ಪ ಇದೆ!’ ಅಷ್ಟೇ.

ಪುಟ ತಿರುಗಿಸುವ ಕೆಲಸವನ್ನು ಪೂರ್ತಿ ಅವನಿಗೇ ಬಿಡಿ. ವೇಗ ಅವನ ಕೈಯಲ್ಲಿದೆ ಎಂದು ಗೊತ್ತಾದ ಮಗು ಹೆಚ್ಚು ಹೊತ್ತು ಕೂರುತ್ತದೆ. ನೀವು ಓದಿ ಮುಗಿಸುವ ಮೊದಲೇ ತಿರುಗಿಸಿದರೆ ಆ ಪುಟದಲ್ಲಿ ಮಾತು ಹೆಚ್ಚಾಗಿದೆ ಎಂದು ಅರ್ಥ. ಚಿತ್ರ ತೋರಿಸಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ.

ಪ್ರಶ್ನೆ: ಮಗುವಿಗೆ ಹದಿನಾಲ್ಕು ತಿಂಗಳು. ಪುಸ್ತಕ ಕೊಟ್ಟರೆ ಬಾಯಿಗೆ ಹಾಕುತ್ತಾಳೆ, ಇಲ್ಲವೇ ಹರಿಯುತ್ತಾಳೆ. ಈಗಲೇ ಓದುವುದು ಅತಿಯಾಯಿತೇ?

ಉತ್ತರ: ಅತಿಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಹುಟ್ಟಿದಾಗಿನಿಂದಲೇ ಗಟ್ಟಿಯಾಗಿ ಓದಿ ಹೇಳುವಂತೆ ಪೋಷಕರಿಗೆ ತಿಳಿಸಬೇಕೆಂದು ತನ್ನ ವೈದ್ಯರಿಗೆ ಸೂಚಿಸಿತು. ಈ ವಯಸ್ಸಿನಲ್ಲಿ ಬಾಯಿಗೆ ಹಾಕುವುದೂ ಪುಸ್ತಕವನ್ನು ಅರಿಯುವ ಬಗೆಯೇ. ದಪ್ಪ ರಟ್ಟಿನ ಪುಸ್ತಕ ಕೊಡಿ, ಮೂಲೆಗಳು ದುಂಡಗಿರಲಿ, ಪುಟಕ್ಕೆ ಒಂದೆರಡೇ ಚಿತ್ರವಿರಲಿ. ತೆಳು ಹಾಳೆಯ ಪುಸ್ತಕಗಳು ನಿಮ್ಮ ಕೈಯಲ್ಲೇ ಇರಲಿ. ಹರಿಯುವುದು ಹಟದಿಂದಲ್ಲ. ಒಂದೇ ಹಾಳೆಯನ್ನು ಬೆರಳಲ್ಲಿ ಹಿಡಿದು ತಿರುಗಿಸುವ ಹದ ಇನ್ನೂ ಬಂದಿಲ್ಲ, ಅಷ್ಟೇ. ರಟ್ಟಿನ ಪುಟಗಳ ನಡುವೆ ತುದಿಯಲ್ಲಿ ಒಂದಿಷ್ಟು ಸಂದು ಮಾಡಿಕೊಟ್ಟರೆ ಅವಳೇ ತಿರುಗಿಸುತ್ತಾಳೆ.

ಎರಡು–ಮೂರು ನಿಮಿಷ ಕೂತರೆ ಅದೇ ಪೂರ್ತಿ ಕಥೆಹೊತ್ತು. ದಿನಕ್ಕೆ ಮೂರ್ನಾಲ್ಕು ಸಲ ಅಂಥ ತುಣುಕುಗಳು ಒಂದು ದೀರ್ಘ ಓದಿಗಿಂತ ಲೇಸು. ಮಗು ತೆವಳಿಕೊಂಡು ಹೋದರೂ ಓದು ನಿಲ್ಲಿಸಬೇಡಿ, ಆ ಪುಟ ಮುಗಿಸಿ. ಕಿವಿ ಇಲ್ಲೇ ಇರುತ್ತದೆ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಒಂದೇ ಪುಸ್ತಕ. ವಾರಗಟ್ಟಲೆ ಅದೇ. ಹೊಸದು ತೆಗೆದರೆ ಅಳು. ನಮಗಂತೂ ಸಾಕಾಗಿದೆ.

ಉತ್ತರ: ಸಾಕಾಗಿರುವುದು ನಿಮಗೆ, ಅವಳಿಗಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಮೂರು ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಇನ್ನೊಂದಕ್ಕೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡೂ ಕಡೆ ಅಷ್ಟೇ ಸಲ ಕಿವಿಗೆ ಬಿದ್ದವು, ಆದರೆ ನೆನಪಿನಲ್ಲಿ ಉಳಿದದ್ದು ಒಂದೇ ಕಥೆ ಕೇಳಿದವರಲ್ಲಿ. ಮೊದಲ ಸಲ ಮಗು ಕಥೆಯ ಹಿಂದೆ ಓಡುತ್ತಿರುತ್ತದೆ. ಕಥೆ ಗೊತ್ತಾದ ಮೇಲೇ ಪದಗಳ ಕಡೆ ನೋಡಲು ಪುರುಸೊತ್ತು ಸಿಗುವುದು.

ಹಾಗಾಗಿ ಅವಳ ಪುಸ್ತಕ ಕಿತ್ತುಕೊಳ್ಳಬೇಡಿ. ಎರಡು ಪುಸ್ತಕದ ಪದ್ಧತಿ ಮಾಡಿ: ಒಂದು ಅವಳ ಆಯ್ಕೆ, ಒಂದು ನಿಮ್ಮದು. ನಿಮ್ಮದನ್ನು ಮೊದಲು ಓದಿ. ಅವಳದು ಮೊದಲಾದರೆ ಎರಡನೆಯದಕ್ಕೆ ಅವಳು ಕೂರುವುದಿಲ್ಲ. ಹೊಸ ಪುಸ್ತಕವನ್ನು ಹಗಲಲ್ಲೇ ಒಮ್ಮೆ ಸುಮ್ಮನೆ ಅವಳ ಕಣ್ಣಿಗೆ ಬೀಳುವಂತೆ ಇಟ್ಟಿರಿ, ರಾತ್ರಿಗೆ ಅದು ಅಪರಿಚಿತವಾಗಿರುವುದಿಲ್ಲ. ಬೇಗ ಮುಗಿಸಲೆಂದು ಪುಟ ಹಾರಿಸುವುದು ಮಾತ್ರ ಬೇಡ. ಬಾಯಿಪಾಠವಾದ ಪುಸ್ತಕದಲ್ಲಿ ಒಂದು ಸಾಲು ಬಿಟ್ಟರೂ ಸಿಕ್ಕಿಬೀಳುತ್ತೀರಿ. ಬೇಕೆಂದೇ ಒಂದು ಪದ ತಪ್ಪು ಓದಿ ಅವಳಿಂದ ತಿದ್ದಿಸಿಕೊಳ್ಳುವುದು ಬೇರೆ ಮಾತು, ಅದು ಒಳ್ಳೆಯ ಆಟ.

ಪ್ರಶ್ನೆ: ಪುಸ್ತಕದ ಭಾಷೆಯನ್ನು ಆಡುಮಾತಿಗೆ ತಿರುಗಿಸಿ ಓದಬಹುದೇ? ‘ಹೋಗುತ್ತಿದ್ದಾನೆ’ ಅಂದರೆ ಮಗು ಮುಖ ನೋಡುತ್ತದೆ.

ಉತ್ತರ: ಮೂರು ವರ್ಷದವರೆಗೆ ಧಾರಾಳವಾಗಿ ತಿರುಗಿಸಿ. ನಾಲ್ಕರ ಆಸುಪಾಸಿನಿಂದ ಇದ್ದದ್ದನ್ನು ಇದ್ದಂತೆ ಓದುವುದನ್ನು ಸ್ವಲ್ಪ ಸ್ವಲ್ಪವೇ ಶುರು ಮಾಡಿ. ಮುಂದೆ ಮಗು ತಾನೇ ಓದಲು ಕೂತಾಗ ಅಲ್ಲಿ ಇರುವುದು ಗ್ರಂಥಭಾಷೆಯೇ. ಅದು ಆಗಲೇ ಕಿವಿಗೆ ಪರಿಚಿತವಾಗಿದ್ದರೆ ಅಕ್ಷರ ಬಿಡಿಸುವುದೊಂದೇ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅಕ್ಷರವೂ ಹೊಸದು, ಭಾಷೆಯೂ ಹೊಸದು. ಕಷ್ಟದ ಪದ ಬಂದಾಗ ಓದು ನಿಲ್ಲಿಸಿ ಪಾಠ ಮಾಡಬೇಡಿ. ‘ಅವನು ವಿಸ್ಮಯಗೊಂಡ, ಅಬ್ಬಾ ಅಂತ ಆಶ್ಚರ್ಯಪಟ್ಟ’ ಎಂದು ಅದೇ ಉಸಿರಿನಲ್ಲಿ ಸೇರಿಸಿ ಮುಂದೆ ಸಾಗಿ. ಪಾತ್ರಗಳ ಮಾತನ್ನು ಮಾತ್ರ ಯಾವಾಗಲೂ ಆಡುಮಾತಿನ ಧಾಟಿಯಲ್ಲೇ ಹೇಳಿ. ಸಿಟ್ಟು ಬಂದ ಕರಡಿ ವ್ಯಾಕರಣಬದ್ಧವಾಗಿ ಗದರಿದರೆ ಯಾರಿಗೂ ಭಯವಾಗದು.

ಪ್ರಶ್ನೆ: ನನ್ನ ಧ್ವನಿ ಸಪ್ಪೆ. ಹುಲಿ, ಮೊಲ ಅಂತ ಬೇರೆ ಬೇರೆ ದನಿ ಮಾಡಲು ಬರುವುದಿಲ್ಲ, ನಾಚಿಕೆಯೂ ಆಗುತ್ತದೆ. ನಾನು ಓದಿದರೆ ಮಗುವಿಗೆ ಇಷ್ಟವಾದೀತೇ? (ಒಬ್ಬ ತಂದೆ)

ಉತ್ತರ: ಹತ್ತು ಪಾತ್ರಕ್ಕೆ ಹತ್ತು ದನಿ ಮಾಡುವವರು ಅರ್ಧದಲ್ಲಿ ಯಾವುದು ಯಾರದೆಂದು ಮರೆತು ಕಥೆಯನ್ನೇ ಗೋಜಲು ಮಾಡಿಕೊಳ್ಳುವುದುಂಟು. ನಿಮಗೆ ದನಿ ಬದಲಿಸಲು ಬಾರದಿದ್ದರೆ ವೇಗ, ಗಟ್ಟಿತನ, ಮೌನ ಈ ಮೂರನ್ನು ಬದಲಿಸಿ, ಸಾಕು. ಓಡುವ ಕಡೆ ಬೇಗ ಓದಿ. ಕತ್ತಲು, ಗುಟ್ಟು ಬಂದ ಕಡೆ ದನಿ ತಗ್ಗಿಸಿ. ಮಕ್ಕಳು ಗಟ್ಟಿ ದನಿಗಿಂತ ಪಿಸುಮಾತಿಗೆ ಹೆಚ್ಚು ಹತ್ತಿರ ಬರುತ್ತಾರೆ. ಮತ್ತು ಪುಟ ತಿರುಗುವ ಮುಂಚೆ ನಿಲ್ಲಿ. ‘ಬಾಗಿಲು ತೆರೆದಾಗ ಅಲ್ಲಿ...’ ಎಂದು ಎರಡು ಸೆಕೆಂಡು ಸುಮ್ಮನಿದ್ದರೆ ಮಗುವಿನ ಕೈ ತಾನಾಗಿ ಪುಟದ ಮೂಲೆಗೆ ಹೋಗುತ್ತದೆ.

ಸಪ್ಪೆ ಎನಿಸಲು ನಿಜವಾದ ಕಾರಣ ಸಾಮಾನ್ಯವಾಗಿ ವೇಗ. ದಿನದ ಕೆಲಸ ಮುಗಿಸಿ ಬಂದವರು ಸುದ್ದಿ ಓದಿದಂತೆ ಓದಿಬಿಡುತ್ತಾರೆ. ನಿಮಗೆ ತೀರಾ ನಿಧಾನ ಎನಿಸುವ ವೇಗವೇ ಮಗುವಿಗೆ ಸರಿಯಾದ ವೇಗ. ಚಿತ್ರದ ಮೇಲೆ ಅದರ ಕಣ್ಣು ಓಡಾಡಿ ಮುಗಿಯಬೇಕಲ್ಲ. ಶಬ್ದ ಮಾಡುವ ಕೆಲಸವನ್ನು ಮಗುವಿಗೇ ವಹಿಸಿದರೆ ನಿಮ್ಮ ನಾಚಿಕೆಯ ಸಮಸ್ಯೆಯೂ ಮುಗಿಯಿತು: ಮಳೆ ಬಂದಾಗ ನೆಲಕ್ಕೆ ಬೆರಳು ಬಡಿಯುವುದು, ಹುಲಿ ಬಂದಾಗ ಗರ್ಜಿಸುವುದು ಅದರ ಪಾಲು.

ಪ್ರಶ್ನೆ: ಕಥೆ ಮುಗಿದ ಮೇಲೆ ‘ಇದರ ನೀತಿ ಏನು?’ ಎಂದು ಕೇಳಬೇಕೇ?

ಉತ್ತರ: ಬೇಡ.

ಪ್ರಶ್ನೆ: ಮಗಳು ಎರಡನೇ ತರಗತಿ. ಅಕ್ಷರ ಗೊತ್ತು, ಕಾಗುಣಿತ ಗೊತ್ತು, ಆದರೆ ಒತ್ತಕ್ಷರ ಬಂದ ಕೂಡಲೇ ತಡವರಿಸುತ್ತಾಳೆ. ‘ಈಗ ನಿನಗೇ ಓದಲು ಬರುತ್ತದಲ್ಲ’ ಎಂದು ನಾವು ಓದಿ ಹೇಳುವುದನ್ನು ನಿಲ್ಲಿಸಿದೆವು. ಈಗ ಪುಸ್ತಕ ಎಂದರೇ ದೂರ ಓಡುತ್ತಾಳೆ.

ಉತ್ತರ: ಓದಿ ಹೇಳುವುದನ್ನು ಇಂದೇ ಮತ್ತೆ ಶುರು ಮಾಡಿ. ಈ ವಯಸ್ಸಿನ ಮಗುವಿಗೆ ಕಿವಿಯಿಂದ ಅರ್ಥವಾಗುವ ಕಥೆ, ಅದು ತಾನೇ ಓದಬಲ್ಲ ಕಥೆಗಿಂತ ತುಂಬ ಮುಂದಿರುತ್ತದೆ. ಒಳ್ಳೆಯ ಕಥೆಗಳನ್ನು ನಿಲ್ಲಿಸಿ, ‘ಅಜ ಮರ ಹತ್ತಿತು’ ಎಂಬ ಮಟ್ಟದ ಸಾಲುಗಳನ್ನು ಕಷ್ಟಪಟ್ಟು ಓದು ಎಂದರೆ ಅವಳು ಓಡದೆ ಇನ್ನೇನು ಮಾಡಿಯಾಳು? ಅಂತರ ಮುಚ್ಚಲು ಕೆಲವು ವರ್ಷವೇ ಬೇಕು. ಅಲ್ಲಿಯವರೆಗೆ ಎರಡೂ ನಡೆಯಲಿ: ನೀವು ಓದುವ ದೊಡ್ಡ ಕಥೆ ದಿನಕ್ಕೆ ಒಂದು ಅಧ್ಯಾಯ, ಅವಳು ಓದುವುದು ಬೇರೆ ಹೊತ್ತಿನಲ್ಲಿ ಹತ್ತು ನಿಮಿಷ. ಎರಡನ್ನೂ ಬೆರೆಸಬೇಡಿ. ‘ಈ ಪುಟ ನೀನು ಓದಿದರೆ ಮಾತ್ರ ಮುಂದಿನದು ನಾನು’ ಎಂಬ ಷರತ್ತಿನಿಂದ ಕಥೆಹೊತ್ತು ಮನೆಗೆಲಸವಾಗುತ್ತದೆ.

ಆ ಹತ್ತು ನಿಮಿಷಕ್ಕೆ ಜೋಡಿ ಓದು ಬಹಳ ಉಪಯುಕ್ತ. ಪುಸ್ತಕ ಅವಳೇ ಆರಿಸಲಿ. ಇಬ್ಬರೂ ಪಕ್ಕಪಕ್ಕ ಕೂತು ಒಟ್ಟಿಗೆ, ಒಂದೇ ವೇಗದಲ್ಲಿ, ಗಟ್ಟಿಯಾಗಿ ಓದಿ. ವೇಗ ಅವಳದು, ನೀವು ಹೊಂದಿಸಿಕೊಳ್ಳಬೇಕು. ಒಂದು ಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ, ಉದಾಹರಣೆಗೆ ಮೊಣಕೈ ತಾಗಿಸುವುದು. ಒಬ್ಬಳೇ ಓದಬೇಕೆನಿಸಿದಾಗ ಅವಳು ಸನ್ನೆ ಮಾಡುತ್ತಾಳೆ, ನೀವು ಸುಮ್ಮನಾಗಿ. ತಡವರಿಸಿದರೆ ನಾಲ್ಕೈದು ಸೆಕೆಂಡು ಕಾಯಿರಿ. ಆಮೇಲೂ ಬರದಿದ್ದರೆ ಪದವನ್ನು ನೀವೇ ಹೇಳಿ, ಅವಳು ಅದನ್ನು ಹೇಳಲಿ, ಮತ್ತೆ ಇಬ್ಬರೂ ಸೇರಿ ಮುಂದುವರಿಯಿರಿ. ‘ಯಾವ ಅಕ್ಷರ ಅದು? ಕೆಳಗೆ ಯಾವ ಒತ್ತು ಇದೆ?’ ಎಂದು ಅಲ್ಲೇ ಅಗೆಯುತ್ತಾ ಕೂತರೆ, ಪದ ಸಿಗುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗಿರುತ್ತದೆ. ಆ ದಿನ ತೊಡಕಾದ ಒತ್ತಕ್ಷರದ ಎರಡು ಪದಗಳನ್ನು ಓದು ಮುಗಿದ ಮೇಲೆ ಚೀಟಿಯಲ್ಲಿ ಬರೆದು ತೋರಿಸಿ. ಎರಡೇ, ಹತ್ತಲ್ಲ.

ಪುಸ್ತಕ ಕಷ್ಟವೋ ಅಲ್ಲವೋ ತಿಳಿಯಲು ಐದು ಬೆರಳಿನ ಲೆಕ್ಕವಿದೆ. ಯಾವುದಾದರೂ ಪುಟ ತೆಗೆದು ಓದುವಾಗ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸಲಿ. ಐದೂ ಮಡಿಸಿದರೆ ಅದನ್ನು ನೀವು ಓದಿ ಹೇಳಿ. ಎರಡು–ಮೂರು ಬೆರಳಾದರೆ ಜೋಡಿ ಓದಿಗೆ ಸರಿ. ಒಂದೂ ಇಲ್ಲದಿದ್ದರೆ ಸುಲಭದ್ದು, ಆದರೂ ಅವಳಿಗೆ ಇಷ್ಟವಾಗಿದ್ದರೆ ಓದಲಿ ಬಿಡಿ. ಸುಲಭದ ಪುಸ್ತಕ ಓದಿದರೆ ನಷ್ಟವೇನಿಲ್ಲ.

ಪ್ರಶ್ನೆ: ಒಂದು ಪುಸ್ತಕ ಮುಗಿಸಿದರೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಆಟಿಕೆ ಎಂದು ಗೋಡೆಗೆ ಪಟ್ಟಿ ಹಚ್ಚಿದ್ದೇವೆ. ಮೊದಲ ತಿಂಗಳು ಚೆನ್ನಾಗಿತ್ತು. ಈಗ ತೀರಾ ಸಣ್ಣ ಪುಸ್ತಕಗಳನ್ನೇ ಆರಿಸುತ್ತಾನೆ.

ಉತ್ತರ: ಅವನು ಜಾಣ. ಲೆಕ್ಕ ಪುಸ್ತಕದ ಸಂಖ್ಯೆಯದ್ದಾದರೆ ಸಣ್ಣ ಪುಸ್ತಕವೇ ಲಾಭ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ನಂತರ ನೋಡಿದರೆ, ಆ ಮಕ್ಕಳೇ ತಾವಾಗಿ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದ್ದರು. ಹೇಳದೆ ಬಹುಮಾನ ಕೊಟ್ಟವರಲ್ಲಿ, ಏನೂ ಕೊಡದವರಲ್ಲಿ ಹಾಗಾಗಲಿಲ್ಲ.

ಪಟ್ಟಿಯನ್ನು ಒಮ್ಮೆಲೇ ಕಿತ್ತರೆ ಜಗಳವಾಗುತ್ತದೆ. ಈಗಿನ ಹತ್ತು ನಕ್ಷತ್ರ ಮುಗಿಯಲಿ, ಮಾತು ಕೊಟ್ಟ ಆಟಿಕೆ ಕೊಡಿ, ಹೊಸ ಪಟ್ಟಿ ಹಚ್ಚಬೇಡಿ. ಏನಾದರೂ ಕೊಡಲೇಬೇಕೆನಿಸಿದರೆ ಓದಿಗೇ ಸೇರಿದ್ದನ್ನು ಕೊಡಿ: ಮಲಗುವ ಹೊತ್ತನ್ನು ಹದಿನೈದು ನಿಮಿಷ ಮುಂದೆ ಹಾಕಿ ಆ ಹೊತ್ತನ್ನು ಓದಲು ಬಿಡುವುದು, ಹಾಸಿಗೆ ಪಕ್ಕಕ್ಕೊಂದು ಓದುವ ದೀಪ, ಮುಂದಿನ ಪುಸ್ತಕ ಆರಿಸುವ ಹಕ್ಕು.

ಪ್ರಶ್ನೆ: ಮೂರು ವರ್ಷದವಳು, ಎಂಟು ವರ್ಷದವನು. ಇಬ್ಬರಿಗೂ ಒಂದೇ ಕಥೆ ಆಗುತ್ತದೆಯೇ?

ಉತ್ತರ: ದಿನಾ ಆಗದು. ಚಿಕ್ಕವಳ ಚಿತ್ರಪುಸ್ತಕ ಮೊದಲು, ಅಲ್ಲಿ ದೊಡ್ಡವನಿಗೆ ಒಂದು ಕೆಲಸವಿರಲಿ. ಒಂದು ಪಾತ್ರದ ಮಾತು ಅವನು ಓದಲಿ, ಇಲ್ಲವೇ ಪ್ರತಿ ಚಿತ್ರದಲ್ಲಿ ಅಡಗಿರುವ ಯಾವುದಾದರೂ ವಸ್ತುವನ್ನು ತಂಗಿಗೆ ತೋರಿಸಲಿ. ಅವಳು ಮಲಗಿದ ಮೇಲೆ ಅವನ ಕಾದಂಬರಿಯ ಅಧ್ಯಾಯ. ಅದು ಅವನೊಬ್ಬನದೇ ಹೊತ್ತಾಗಿರಬೇಕು. ತಂಗಿಯ ಕಥೆ ಕೇಳಿಸಿದ್ದನ್ನೇ ಅವನ ಲೆಕ್ಕಕ್ಕೆ ಹಾಕಬೇಡಿ.

ಪ್ರಶ್ನೆ: ಫೋನಿನಲ್ಲಿ ಕಥೆಯ ಆಡಿಯೊ ಹಾಕಿದರೆ ಸಾಕಲ್ಲವೇ?

ಉತ್ತರ: ಪ್ರಯಾಣದಲ್ಲಿ, ನಿಮ್ಮ ಗಂಟಲು ಕೆಟ್ಟಾಗ, ಧಾರಾಳವಾಗಿ. ಆದರೆ ಮಗು ‘ಯಾಕೆ?’ ಎಂದಾಗ ಆಡಿಯೊ ನಿಲ್ಲುವುದಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ಆಡಿಯೊ ಕೇಳುವುದು ಏಳೆಂಟು ವರ್ಷದವರಿಗೆ ಒಳ್ಳೆಯ ಅಭ್ಯಾಸ.

ಪ್ರಶ್ನೆ: ನಾನು ಶಿಕ್ಷಕಿ. ವಾರಕ್ಕೊಮ್ಮೆ ಐದಾರು ವರ್ಷದ ಇಪ್ಪತ್ತೈದು ಮಕ್ಕಳಿಗೆ ಕಥೆ ಓದುತ್ತೇನೆ. ‘ಕಾಣ್ತಿಲ್ಲ ಮಿಸ್’ ಎಂಬ ಕೂಗಿನಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಉತ್ತರ: ಅರ್ಧ ಸಮಸ್ಯೆ ಪುಸ್ತಕದ ಆಯ್ಕೆಯಲ್ಲಿದೆ. ಪುಸ್ತಕವನ್ನು ಮೇಜಿನ ಮೇಲೆ ತೆರೆದು ನಿಲ್ಲಿಸಿ ಮೂರು ಮೀಟರ್ ಹಿಂದೆ ಸರಿದು ನೋಡಿ. ಚಿತ್ರದಲ್ಲಿರುವುದು ಏನೆಂದು ಅಲ್ಲಿಂದ ಗುರುತು ಸಿಗದಿದ್ದರೆ ಆ ಪುಸ್ತಕ ಮಡಿಲಲ್ಲಿ ಕೂರಿಸಿಕೊಂಡು ಓದುವಂಥದ್ದು, ತರಗತಿಗೆ ಅಲ್ಲ. ಸಣ್ಣ ಸಣ್ಣ ವಿವರ ತುಂಬಿದ ಪುಸ್ತಕಗಳು ಎಷ್ಟೇ ಚೆನ್ನಾಗಿದ್ದರೂ ಗುಂಪಿನಲ್ಲಿ ಸೋಲುತ್ತವೆ.

ಇನ್ನರ್ಧ ಕೂರುವ ಬಗೆಯಲ್ಲಿದೆ. ಮಕ್ಕಳು ನೆಲದ ಮೇಲೆ ಅರ್ಧವೃತ್ತದಲ್ಲಿ ಎರಡು–ಮೂರು ಸಾಲಾಗಿ ಕೂರಲಿ, ಹಿಂದಿನ ಸಾಲು ಮುಂದಿನವರ ಸಂದಿನಲ್ಲಿ. ನೀವು ಕಡಿಮೆ ಎತ್ತರದ ಕುರ್ಚಿಯಲ್ಲಿ ಕೂತುಕೊಳ್ಳಿ. ನಿಂತರೆ ಮುಂದಿನವರ ಕತ್ತು ನೋಯುತ್ತದೆ. ನಿಮ್ಮ ಬೆನ್ನಿಗೆ ಕಿಟಕಿ ಬೇಡ, ಬೆಳಕು ಹಿಂದಿನಿಂದ ಬಂದರೆ ಪುಟ ಕಪ್ಪಾಗಿ ಕಾಣುತ್ತದೆ. ಹೊಳೆಯುವ ಹಾಳೆಯಾದರೆ ಮೇಲಿನ ದೀಪ ಪ್ರತಿಫಲಿಸುತ್ತದೆ, ಪುಸ್ತಕವನ್ನು ತುಸು ಮುಂದಕ್ಕೆ ಬಾಗಿಸಿ.

ಪುಸ್ತಕವನ್ನು ಒಂದು ಭುಜದ ಪಕ್ಕದಲ್ಲಿ, ಪುಟ ಮಕ್ಕಳ ಕಡೆಗೆ ಇರುವಂತೆ, ಕೆಳಗಡೆಯ ನಡುವಿನಲ್ಲಿ ಹಿಡಿಯಿರಿ. ಮೇಲೆ ಹಿಡಿದರೆ ಕೈ ಚಿತ್ರವನ್ನು ಮುಚ್ಚುತ್ತದೆ. ನೀವು ಓರೆಯಾಗಿ ಓದಬೇಕಾಗುತ್ತದೆ, ಅದಕ್ಕೇ ಮೊದಲೇ ಎರಡು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳಿ. ಒಂದು ಪುಟ ಓದಿ, ಆಮೇಲೆ ಪುಸ್ತಕವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ ತೋರಿಸಿ. ಓದುತ್ತಲೇ ಅತ್ತಿತ್ತ ಆಡಿಸಿದರೆ ಯಾರಿಗೂ ಪೂರ್ತಿ ಕಾಣದು. ‘ಎಲ್ಲರಿಗೂ ತೋರಿಸುತ್ತೇನೆ’ ಎಂದು ಮೊದಲೇ ಹೇಳಿ, ಹೇಳಿದಂತೆ ಮಾಡಿದರೆ ಕೆಲವು ವಾರದಲ್ಲಿ ಕೂಗು ನಿಲ್ಲುತ್ತದೆ.

ಒಟ್ಟು ಇಪ್ಪತ್ತು ನಿಮಿಷ ಸಾಕು. ಉದ್ದದ ಪುಸ್ತಕ ಮೊದಲು, ನಡುವೆ ಎದ್ದು ಕೈಕಾಲು ಆಡಿಸುವ ಹಾಡೋ ಆಟವೋ ಎರಡು ನಿಮಿಷ, ಕೊನೆಗೆ ಎಲ್ಲರೂ ದನಿಗೂಡಿಸುವ ಪಲ್ಲವಿಯಿರುವ ಸಣ್ಣ ಪುಸ್ತಕ. ಈ ಕ್ರಮ ತಿರುವುಮುರುವಾದರೆ ಉದ್ದದ ಕಥೆಯ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ. ಮಧ್ಯೆ ಒಂದು ಮಗು ಎದ್ದು ತನ್ನ ಮನೆಯ ಬೆಕ್ಕಿನ ಪುರಾಣ ತೆಗೆದರೆ, ‘ಅದನ್ನು ಕಥೆ ಆದ ಮೇಲೆ ಕೇಳುತ್ತೇನೆ’ ಎಂದು ಹೇಳಿ, ನಿಜವಾಗಿಯೂ ಕೇಳಿ. ಓದಿದ ಪುಸ್ತಕವನ್ನು ಬೀರುವಿಗೆ ಸೇರಿಸದೆ, ಮುಖಪುಟ ಕಾಣುವಂತೆ ಮಕ್ಕಳ ಕೈಗೆಟುಕುವ ಕಡೆ ವಾರವಿಡೀ ಇಡಿ. ಕೇಳಿದ ಕಥೆಯ ಪುಸ್ತಕವನ್ನೇ ಮಕ್ಕಳು ಮೊದಲು ಎತ್ತಿಕೊಳ್ಳುತ್ತಾರೆ.

ಪ್ರಶ್ನೆ: ಐದು ವರ್ಷದ ಮಗನಿಗೆ ತಾನೇ ಪುಸ್ತಕ ಮಾಡುವ ಆಸೆ. ಹೊಲಿಗೆ, ಅಂಟು ಇಲ್ಲದೆ ಮಾಡುವ ದಾರಿ ಇದೆಯೇ?

ಉತ್ತರ: ಒಂದು ಎ4 ಹಾಳೆ, ಒಂದು ಕತ್ತರಿ ಸಾಕು. ಎಂಟು ಪುಟದ ಪುಸ್ತಕವಾಗುತ್ತದೆ, ಪುಟದ ಅಳತೆ ಸುಮಾರು 7.4 × 10.5 ಸೆಂ.ಮೀ.

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಉದ್ದುದ್ದಕ್ಕೆ ಅರ್ಧ ಮಡಿಸಿ, ಬಿಡಿಸಿ. ಈಗ ಎಡ ಅಂಚು ಬಲ ಅಂಚಿಗೆ ಸೇರುವಂತೆ ಅರ್ಧ ಮಡಿಸಿ, ಮತ್ತೊಮ್ಮೆ ಅದೇ ದಿಕ್ಕಿನಲ್ಲಿ ಅರ್ಧ ಮಡಿಸಿ, ಬಿಡಿಸಿ. ಎಂಟು ಸಮಭಾಗದ ಗೆರೆ ಮೂಡಿರುತ್ತದೆ. ಎಡ–ಬಲ ಒಂದು ಸಲ ಮಾತ್ರ ಮಡಿಸಿ ಹಿಡಿದು, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಅಡ್ಡಗೆರೆಯವರೆಗೆ ಕತ್ತರಿಸಿ. ಬಿಡಿಸಿದರೆ ಹಾಳೆಯ ನಡುವೆ ಮಾತ್ರ ಸೀಳು ಇರಬೇಕು. ತೆರೆದ ಅಂಚಿನಿಂದ ಕತ್ತರಿಸಿದರೆ ಪುಸ್ತಕ ಆಗುವುದಿಲ್ಲ, ಗೆರೆ ದಾಟಿ ಕತ್ತರಿಸಿದರೆ ಪುಟ ಜೋತುಬೀಳುತ್ತದೆ. ಈಗ ಮತ್ತೆ ಉದ್ದುದ್ದಕ್ಕೆ ಮಡಿಸಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು, ಪೂರ್ತಿ ತಳ್ಳಿದಾಗ ಮೇಲಿನಿಂದ ಕೂಡಿಸುವ ಚಿಹ್ನೆಯಂತೆ ಕಾಣುತ್ತದೆ. ಪುಟಗಳನ್ನು ಒಂದೇ ಕಡೆ ಮಡಚಿ ಒತ್ತಿ.

ಚಿತ್ರ ಬಿಡಿಸುವುದು ಪುಸ್ತಕ ಆದ ಮೇಲೆ. ಬಿಡಿಸಿಟ್ಟ ಹಾಳೆಯ ಮೇಲೆ ಮೊದಲೇ ಬರೆದರೆ ಅರ್ಧ ಪುಟಗಳು ತಲೆಕೆಳಗಾಗುತ್ತವೆ. ಕತ್ತರಿ ನಿಮ್ಮ ಕೈಯಲ್ಲಿರಲಿ, ಮಡಿಕೆ ಅವನಿಂದಲೇ ಆಗಲಿ, ಸ್ವಲ್ಪ ಸೊಟ್ಟಗಾದರೆ ಆಗಲಿ. ಕಥೆಯನ್ನು ಅವನು ಹೇಳಲಿ, ಪುಟಕ್ಕೊಂದು ವಾಕ್ಯದಂತೆ ನೀವು ಬರೆದುಕೊಡಿ, ಅವನು ಹೇಳಿದ ಮಾತಿನಲ್ಲೇ, ತಿದ್ದದೆ. ಮುಖಪುಟದ ಮೇಲೆ ಅವನ ಹೆಸರು ದೊಡ್ಡದಾಗಿ ಬರೆಸಿ, ಅಂದು ರಾತ್ರಿ ಬೇರೆ ಪುಸ್ತಕಗಳ ಜೊತೆಗೆ ಅದನ್ನೂ ಓದಿ.